ಕೊಡೆಯ ಕೆಳಗಿನ ಅಮ್ಮ

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಯಾರೋ ಒಂದು ಶಿಶುಗೀತೆಯ ಪುಸ್ತಕ ಕೊಟ್ಟರು. ಹಾಳೆ ಎಷ್ಟು ನುಣುಪೆಂದರೆ ಬೆರಳಿಟ್ಟರೆ ಜಾರುತ್ತದೆ. ಮಣಿಪಾಲದ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ, ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು "ಅಜ್ಜಿ, ಇದನ್ನು ಹೇಳು" ಎಂದಳು. ಕನ್ನಡಕ ಏರಿಸಿಕೊಂಡು ನೋಡುತ್ತೇನೆ, ನನ್ನ ಪದ್ಯ! ನನ್ನದು ಎಂದರೆ ನಾನು ಬರೆದದ್ದು ಎಂದುಕೊಳ್ಳಬೇಡಿ. ಬರೆದವರು ಯಾರೋ ಒಬ್ಬ ಹಳೆಯ ಕಾಲದ ಹೆಡ್‌ಮಾಸ್ಟ್ರು. ನನ್ನದು ಹೇಗೆ ಎಂಬುದನ್ನು ಹೇಳುತ್ತೇನೆ, ಸ್ವಲ್ಪ ತಾಳಿ. ಮೊದಲು ಪದ್ಯ ಕೇಳಿ.

ಬೆಳಗಾಯ್ತು, ಅಮ್ಮನಿಗೆ ಕೆಲಸ ಬಂತು,
ಬಳೆ ಸದ್ದು ಕೇಳಿ ಕಾಗೆ ಬಂತು.

ಮುಂದೆ ಇನ್ನೆರಡು ಸಾಲುಗಳಲ್ಲಿ ಕಾಗೆ ದೋಸೆಯ ಚೂರು ಕಚ್ಚಿಕೊಂಡು ಹಾರಿಹೋಗುತ್ತದೆ. ಇಷ್ಟೇ ಕಥೆ. ಈ ಹೊಸ ಪುಸ್ತಕದಲ್ಲಿ ಅಮ್ಮ ಪ್ಯಾಂಟು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಅಪ್ಪ ಎದೆಗೊಂದು ಬಟ್ಟೆ ಕಟ್ಟಿಕೊಂಡು ದೋಸೆ ಹುಯ್ಯುತ್ತಿದ್ದಾನೆ. ಕಾಗೆ ಕಿಟಕಿಯಾಚೆ ಏಸಿ ಪೆಟ್ಟಿಗೆಯ ಮೇಲೆ ಕೂತಿದೆ. ಅಮ್ಮನ ಕೈಯಲ್ಲಿ ಬಳೆಯೇ ಇಲ್ಲ, ಆದರೂ ಕಾಗೆ ಬಳೆ ಸದ್ದು ಕೇಳಿಯೇ ಬಂದಿದೆ. ಅದೆಲ್ಲ ಇರಲಿ. ನನ್ನ ಕಣ್ಣು ನಿಂತದ್ದು ಅಮ್ಮನ ಮುಖದ ಮೇಲೆ. ಎರಡು ಚುಕ್ಕೆ ಕಣ್ಣು, ಒಂದು ಡೊಂಕು ಗೆರೆಯ ಬಾಯಿ. ಮೂಗೇ ಇಲ್ಲ. ಈಗಿನ ಚಿತ್ರಗಳೆಲ್ಲ ಹೀಗೆಯೇ ಅಂತೆ, ಸೊಸೆ ಹೇಳಿದಳು. "ಹಾಗಾದರೆ ಇವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗೆ?" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಸೊಸೆ ನನ್ನನ್ನು ಒಂದು ಥರ ನೋಡಿ ಒಳಗೆ ಹೋದಳು.

ಅವಳಿಗೇನು ಗೊತ್ತು? ಪುಸ್ತಕದ ಚಿತ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನು. ಸುಮ್ಮನೆ ಪಟ್ಟದ್ದಲ್ಲ, ಊಟ ನಿದ್ದೆ ಬಿಟ್ಟು ಪಟ್ಟದ್ದು.

ಎಪ್ಪತ್ತರ ದಶಕದ ನಡುಭಾಗ. ನಾನು ಮದುವೆಯಾಗಿ ಕಟಪಾಡಿಯ ಪಕ್ಕದ ಇನ್ನಂಜೆಗೆ ಬಂದು ಒಂದು ವರ್ಷವಾಗಿರಬಹುದು. ನಮ್ಮವರು ಉಡುಪಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರು. ಉಡುಪಿಯ ಪುಸ್ತಕದಂಗಡಿಯವರೊಬ್ಬರು ಶಿಶುಗೀತೆಗಳ ಪುಸ್ತಕ ತೆಗೆಯುತ್ತೇನೆಂದು ಹೊರಟು, ಚಿತ್ರಗಳನ್ನು ಇವರಿಗೆ ಒಪ್ಪಿಸಿದರು. ದಪ್ಪ ರಟ್ಟಿನಂಥ ಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದುಕೊಟ್ಟರೆ ಅದನ್ನು ಸತುವಿನ ಬ್ಲಾಕು ಮಾಡಿಸಿ ಅಚ್ಚು ಹಾಕುವ ಕಾಲ ಅದು. ನಮ್ಮವರ ಕೈ ಚೆನ್ನಾಗಿತ್ತು, ಆದರೆ ಒಂದು ಕೊರತೆ. ಎದುರಿಗೆ ಇಲ್ಲದ್ದನ್ನು ಬರೆಯಲು ಬಾರದು. ಆ ಕಾಗೆಯೊಂದಕ್ಕಾಗಿ ನಾವು ಮೂರು ದಿನ ಅಂಗಳದ ಪಾಗಾರದ ಗೋಡೆಯ ಮೇಲೆ ಅನ್ನ ಹಾಕಿದ್ದೇವೆ. ಅಮ್ಮನ ಸರದಿ ಬಂದಾಗ ತಲೆ ಕೆರೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಎಂತ?" ಎಂದೆ.

"ಸ್ವಲ್ಪ ಹೊತ್ತು ಕಡೆಯುವ ಕಲ್ಲಿನ ಹತ್ತಿರ ಕೂತುಕೊಳ್ತೀಯಾ? ಕೈ ಗುಂಡಿನ ಮೇಲೆ ಇಟ್ಟು. ಅಲ್ಲಾಡಬಾರದು."

ನಾವು ಮನೆಯಲ್ಲಿ ಮಾತಾಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದ್ದರಿಂದ ಅವರ ದನಿಯಲ್ಲಿದ್ದ ಹಿಂಜರಿಕೆ ನಿಮಗೆ ಪೂರಾ ಕೇಳಿಸಲಿಕ್ಕಿಲ್ಲ. ನಾನು ಓಡಿಹೋಗಿ ಮದುವೆಯ ಸೀರೆ ಉಟ್ಟುಕೊಂಡೆ. ಶಂಕರಪುರದ ಮಲ್ಲಿಗೆಯ ಮಾಲೆ ಸುತ್ತಿದ ಒಂದು ಚೆಂಡು ಇತ್ತು, ಇಡೀ ಚೆಂಡನ್ನೇ ಮುಡಿದೆ. ರೇಷ್ಮೆ ಸೀರೆ ಉಟ್ಟು ಹಿಟ್ಟು ರುಬ್ಬುವ ಹೆಂಗಸನ್ನು ನಮ್ಮೂರಲ್ಲಿ ಯಾರೂ ಕಂಡಿರಲಾರರು. ಅವರು ನಗಲಿಲ್ಲ. ಒಂದು ಗಂಟೆ ಹೊತ್ತು ನನ್ನನ್ನು ನೋಡಿದರು, ಕಾಗದ ನೋಡಿದರು, ಮತ್ತೆ ನನ್ನನ್ನು ನೋಡಿದರು. ಗಂಡ ತನ್ನನ್ನು ಅಷ್ಟು ಹೊತ್ತು ನೋಡುವುದೆಂದರೆ ಆ ಕಾಲದ ಮನೆಗಳಲ್ಲಿ ಸಣ್ಣ ವಿಷಯವಲ್ಲ. ನನ್ನ ತೋಳು ಜೋಮು ಹಿಡಿದು ಕೆಳಗಿಡಲಾಗದಂತಾಯಿತು. ಒಂದೇ ಹಾಳೆಯಲ್ಲಿ ಚಿತ್ರ ಮುಗಿಯಿತು. ಚಿತ್ರದಲ್ಲಿ ನನ್ನ ಹಿಂದೆ ಆರಾಮ ಕುರ್ಚಿಯಲ್ಲಿ ಅಪ್ಪನನ್ನೂ ಕೂರಿಸಿದರು. ಪದ್ಯದಲ್ಲಿ ಅವನ ಸುದ್ದಿಯಿಲ್ಲ, ಆದರೆ ಮನೆಯೆಂದ ಮೇಲೆ ಅಪ್ಪ ಇರಬೇಕೆಂದು ಪುಸ್ತಕದಂಗಡಿಯವರ ಆಗ್ರಹ. ಎದುರಿಗೆ ಬೇರೆ ಗಂಡಸಿಲ್ಲದ್ದರಿಂದ ಅಪ್ಪನ ಮುಖಕ್ಕೆ ಪೇಪರು ಅಡ್ಡ ಹಿಡಿಸಿ ಪಾರಾದರು.

ಪುಸ್ತಕ ಬಂದ ಮೇಲೆ ನಾನು ನೆಲದ ಮೇಲೆ ನಡೆದವಳಲ್ಲ. ಕಟಪಾಡಿಯ ಅಂಗಡಿಯಲ್ಲಿ "ಇದು ನೀವೇ ಅಲ್ವಾ?" ಎಂದು ಒಬ್ಬರು ಕೇಳಿದರು. "ಅಯ್ಯೋ, ನಾನೆಲ್ಲಿ" ಎಂದು ಹೇಳುತ್ತಲೇ ಮುಖವನ್ನು ಚಿತ್ರದಲ್ಲಿದ್ದ ಹಾಗೆ ಸ್ವಲ್ಪ ಓರೆ ಮಾಡಿದೆ. ಕಾಪು, ಕಾರ್ಕಳ, ಎಲ್ಲೂರು ಎಲ್ಲ ಕಡೆಯ ಮಕ್ಕಳು ಅಮ್ಮ ಎಂದು ನನ್ನ ಮೇಲೆ ಬೆರಳಿಡುತ್ತಾರಲ್ಲ ಎಂಬುದನ್ನು ನೆನೆದು ಒಬ್ಬಳೇ ನಗುತ್ತಿದ್ದೆ. ನನಗೆ ಆಗ ಇನ್ನೂ ಮಕ್ಕಳಾಗಿರಲಿಲ್ಲ.

ಹತ್ತು ವರ್ಷ ಹೀಗೆ ಸುಖವಾಗಿ ಕಳೆಯಿತು. ಆಮೇಲೆ ಪುಸ್ತಕದಂಗಡಿಯವರಿಗೆ ಹೊಸ ಯೋಚನೆ ಬಂತು. ಮಣಿಪಾಲದ ಡಾಕ್ಟರರ ಹೆಂಡತಿಯರು, ಕಾಲೇಜಿನವರು ಅಂಗಡಿಗೆ ಬಂದು ಪುಸ್ತಕ ತಿರುವಿ, ಕಡೆಯುವ ಕಲ್ಲು ಕಂಡೊಡನೆ ಮುಚ್ಚಿ ಇಡುತ್ತಿದ್ದರಂತೆ. "ಅಮ್ಮ ಈಗ ಕೆಲಸಕ್ಕೆ ಹೋಗುವವಳು ಮಾಸ್ಟ್ರೇ. ಪದ್ಯ ಇರಲಿ, ಚಿತ್ರ ಬದಲಿಸಿ" ಎಂದರಂತೆ. ಚಿತ್ರದಲ್ಲಿ ಅಮ್ಮನ ಪಕ್ಕ ನಿಂತಿದ್ದ ಹುಡುಗನ ಸೊಂಟದ ಬೆಳ್ಳಿಯ ಉಡಿದಾರ ಹೋಗಿ ಬೆಲ್ಟಿನ ಚಡ್ಡಿ ಬರಬೇಕು. ಅಪ್ಪನಿಗೆ ಪಂಚೆ ಬೇಡ, ಪ್ಯಾಂಟು ಸಾಕು. ಪೇಪರು ಮಾತ್ರ ಅವನ ಕೈಯಲ್ಲೇ ಇರಲಿ. ಅವನನ್ನು ಆ ಕುರ್ಚಿಯಿಂದ ಎಬ್ಬಿಸುವ ಧೈರ್ಯ ಆಗ ಯಾರಿಗೂ ಇರಲಿಲ್ಲ.

ಸುದ್ದಿ ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿಜ ಹೇಳುವುದಾದರೆ ನಮ್ಮ ಮನೆಗೆ ಮಿಕ್ಸಿ ಬಂದು ಎರಡು ವರ್ಷವಾಗಿತ್ತು. ಕಡೆಯುವ ಕಲ್ಲು ಬಚ್ಚಲಿನ ಪಕ್ಕದಲ್ಲಿ ಪಾಚಿ ಹಿಡಿದು ಕೂತಿತ್ತು. ಆದರೂ ಪುಸ್ತಕದಲ್ಲಿ ನಾನು ಕಡೆಯುತ್ತಲೇ ಇರಬೇಕೆಂದು ನನ್ನ ಹಟ. ಸರಿ, ಬದಲಿಸುವುದೇ ಆದರೆ ಬದಲಿಸಲಿ, ಕೈಗೊಂದು ಬ್ಯಾಗು ಕೊಟ್ಟು ನನ್ನನ್ನೇ ನಿಲ್ಲಿಸಿದರಾಯಿತು ಎಂದುಕೊಂಡೆ. ಪೆಟ್ಟಿಗೆಯಿಂದ ಒಳ್ಳೆಯ ವಾಯಿಲ್ ಸೀರೆಯೊಂದನ್ನು ತೆಗೆದು ಇಸ್ತ್ರಿಗೂ ಹಾಕಿಸಿದೆ. ಅವರು ಅಡುಗೆಮನೆಯ ಬಾಗಿಲಿಗೆ ಬರಲೇ ಇಲ್ಲ.

ಒಂದು ಮಧ್ಯಾಹ್ನ ಅವರ ಚೀಲ ಝಾಡಿಸುವಾಗ ಅಂಗೈಯಗಲದ ನೋಟುಬುಕ್ಕು ಸಿಕ್ಕಿತು. ತೆರೆದರೆ ಒಬ್ಬ ಹೆಂಗಸು. ಹಾಳೆ ತಿರುವಿದರೆ ಮತ್ತೆ ಅವಳೇ. ಎಣಿಸಿದೆ. ಒಂಬತ್ತು ಹಾಳೆ! ಭುಜದಲ್ಲಿ ಬ್ಯಾಗು, ಕೊಡೆ, ಬಲಗೈಯಲ್ಲಿ ಬಳೆ, ಎಡಗೈಯಲ್ಲಿ ವಾಚು. ವಾಚಿನ ಮುಳ್ಳುಗಳು ಸಹ ಸರಿಯಾಗಿ ಎಂಟೂ ಇಪ್ಪತ್ತು ತೋರಿಸುತ್ತಿದ್ದವು. ಎಂಟೂ ಇಪ್ಪತ್ತಕ್ಕೆ ನಮ್ಮವರು ಕಟಪಾಡಿಯಲ್ಲಿ ಉಡುಪಿಯ ಬಸ್ಸು ಹತ್ತುವುದು. ಎಂಟು ಹಾಳೆಗಳಲ್ಲಿ ಅವಳ ಮೂಗು ಬಹಳ ಚಂದವಿತ್ತು. ನೆಟ್ಟಗೆ ಇಳಿದು ತುದಿಯಲ್ಲಿ ಚೂರೇ ಚೂರು ಮೇಲೆದ್ದ ಮೂಗು. ಅದನ್ನು ಬರೆದ ಗೆರೆಯಲ್ಲಿ ಒಂದು ಅಕ್ಕರೆ ಇತ್ತು, ಅದು ನನ್ನ ಕಣ್ಣಿಗೆ ತಪ್ಪುವಂತಿರಲಿಲ್ಲ. ಒಂಬತ್ತನೆಯದರಲ್ಲಿ ಮಾತ್ರ ಮೂಗು ಸ್ವಲ್ಪ ಉದ್ದವಾಗಿ, ಸಾಧಾರಣವಾಗಿ ಬಂದಿತ್ತು. ನನಗೆ ಒಂದೇ ಹಾಳೆ, ಅವಳಿಗೆ ಒಂಬತ್ತು. ಅಂದು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಗಂಟಲಿಗಿಳಿದ ಮೇಲೂ ನನಗೆ ತಿಳಿಯಲಿಲ್ಲ.

"ಯಾರದು, ಚಿತ್ರದಲ್ಲಿ?" ಎಂದು ಆದಷ್ಟು ಸಾದಾ ದನಿಯಲ್ಲಿ ಕೇಳಿದೆ.

"ಯಾರೋ. ಬಸ್ಸಿಗೆ ನಿಲ್ಲುವವರು" ಎಂದರು. ಅಷ್ಟೇ. ನಮ್ಮವರ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ಎಣ್ಣೆ ತೆಗೆದ ಹಾಗೆ. ಆದರೆ ಅಂದು ನನಗೆ ಅದು ಸ್ವಭಾವವೆನಿಸಲಿಲ್ಲ, ಕಳ್ಳತನವೆನಿಸಿತು.

ಮುಂದಿನ ಶನಿವಾರ ಮಧ್ಯಾಹ್ನ ಮೇಜಿನ ಮೇಲೆ ಕೊನೆಯ ಚಿತ್ರ ಸಿದ್ಧವಾಗಿತ್ತು. ಮೂರು ಗಂಟೆಯ ಬಸ್ಸಿಗೆ ಅದನ್ನು ಒಯ್ದು ಬ್ಲಾಕಿನವನಿಗೆ ಕೊಡಬೇಕು. ಅವರು ಸ್ನಾನಕ್ಕೆ ಹೋಗಿದ್ದರು. ನಾನು ಹೋಗಿ ನೋಡಿದೆ. ಅವಳು ಕೊಡೆಯನ್ನು ಭುಜದ ಹಿಂದಕ್ಕೆ ವಾಲಿಸಿಕೊಂಡು, ಬಸ್‌ಸ್ಟ್ಯಾಂಡಿನ ಕಂಬದ ಮೇಲಿನ ಕಾಗೆಯನ್ನು ನೋಡಿ ನಗುತ್ತಿದ್ದಳು. ಮೂಗು ಒಂಬತ್ತನೆಯ ಹಾಳೆಯದ್ದು, ಸಾಧಾರಣದ್ದು. ನನಗೆ ಗುರುತು ಸಿಗಬಾರದೆಂದು ಬೇಕೆಂದೇ ಬದಲಿಸಿದ್ದಾರೆ ಎಂದು ತೀರ್ಮಾನಿಸಿದೆ. ಮಸಿ ತಪ್ಪಿದರೆ ಕೆರೆದು ತೆಗೆಯಲು ಅವರು ಇಟ್ಟುಕೊಂಡಿದ್ದ ಅರ್ಧ ಬ್ಲೇಡು ಅಲ್ಲೇ ಪೆಟ್ಟಿಗೆಯಲ್ಲಿತ್ತು. ಅದನ್ನು ತೆಗೆದುಕೊಂಡು ಅವಳ ಮುಖವನ್ನು ಕೆರೆದೆ. ಮೊದಲು ಮೂಗು, ಆಮೇಲೆ ನಗು, ಆಮೇಲೆ ಕಣ್ಣು. ಕಾಗದದ ಹುಡಿಯನ್ನು ಊದಿ, ಬ್ಲೇಡನ್ನು ಪೆಟ್ಟಿಗೆಯಲ್ಲಿಟ್ಟು, ಕೈ ತೊಳೆದು ಬಂದೆ. ಬಹಳ ಹಾಯೆನಿಸಿತು. ಈಗ ನಾಚಿಕೆಯಾಗುತ್ತದೆ ನಿಜ, ಆದರೆ ಆಗ ಹಾಯೆನಿಸಿದ್ದೂ ನಿಜ.

ಅವರು ತಲೆ ಒರಸಿಕೊಳ್ಳುತ್ತಾ ಬಂದು ನೋಡಿದರು.

"ಮಗ ಮುಟ್ಟಿರಬೇಕು" ಎಂದೆ. ಮಗನಿಗೆ ಆಗ ಆರು ವರ್ಷ. ಪಾಪ, ಅವನು ಆ ಹೊತ್ತಿಗೆ ಗದ್ದೆಯಾಚೆ ಚೆಂಡಾಡುತ್ತಿದ್ದ, ಅವನ ಕೂಗು ನಮಗಿಬ್ಬರಿಗೂ ಕೇಳುತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ, ಗಡಿಯಾರ ನೋಡಿದರು. ಕೆರೆದ ಕಾಗದದ ಮೇಲೆ ಮಸಿ ಹರಡುತ್ತದೆ, ಅಲ್ಲಿ ಮತ್ತೆ ಕಣ್ಣು ಮೂಗು ಬರೆಯಲಾಗುವುದಿಲ್ಲ. ಕುಂಚ ತೆಗೆದು ಹಿಂದಿದ್ದ ಕೊಡೆಗೆ ಬಿಳಿ ಬಳಿದರು. ಹತ್ತು ನಿಮಿಷದಲ್ಲಿ ಅವಳ ಮುಖದ ಮೇಲೆ ಹೊಸದೊಂದು ಕಪ್ಪು ಕೊಡೆ ಇಳಿಯಿತು. ಗದ್ದದವರೆಗೆ ಕೊಡೆ, ಕೆಳಗೆ ಸೀರೆ, ಬ್ಯಾಗು, ವಾಚು. ಪುಸ್ತಕ ಹಾಗೆಯೇ ಅಚ್ಚಾಯಿತು. ಅಮ್ಮ ಮನೆ ಬಿಟ್ಟು ಹೋದರೆ ಕಾಗೆಗೆ ದೋಸೆ ಹಾಕುವವರು ಯಾರು ಎಂದು ಒಬ್ಬ ಹಿರಿಯರು ಪುಸ್ತಕದಂಗಡಿಗೆ ಕಾರ್ಡು ಬರೆದರಂತೆ. ಮುಖ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಗೆದ್ದವಳಿಗೆ ಸೋತವಳನ್ನೊಮ್ಮೆ ನೋಡುವ ಆಸೆ ಇರುವುದಿಲ್ಲವೇ? ನಮ್ಮವರಿಗೆ ಜ್ವರ ಬಂದು ರಜೆ ಹಾಕಿದ ಒಂದು ದಿನ, ಮಾತ್ರೆ ತರುವ ನೆವದಲ್ಲಿ ಎಂಟು ಗಂಟೆಗೇ ಕಟಪಾಡಿಗೆ ಹೋದೆ. ಇಸ್ತ್ರಿಯ ವಾಯಿಲ್ ಸೀರೆ ಉಟ್ಟುಕೊಂಡೇ ಹೋದೆ. ಬ್ಯಾಗು, ಕೊಡೆ, ವಾಚು ಕಂಡೊಡನೆ ಗುರುತಾಯಿತು. ಮುಖ ನೋಡಿದೆ. ಮೂಗು ಸಾಧಾರಣವೇ! ಒಂಬತ್ತನೆಯ ಹಾಳೆಯ ಮೂಗು. ಹಾಗಾದರೆ ಉಳಿದ ಎಂಟರಲ್ಲಿ ಇವರು ಅವಳನ್ನು ಇದ್ದದ್ದಕ್ಕಿಂತ ಚಂದ ಮಾಡಿದ್ದಾರೆ! ನನ್ನ ಹೊಟ್ಟೆಕಿಚ್ಚು ಕಡಿಮೆಯಾಗುವ ಬದಲು ಇಮ್ಮಡಿಯಾಯಿತು. ಅಷ್ಟರಲ್ಲಿ ಅವಳೇ ನನ್ನನ್ನು ನೋಡಿ ಹತ್ತಿರ ಬಂದಳು.

"ಅಕ್ಕ, ನೀವು ಡ್ರಾಯಿಂಗ್ ಮಾಸ್ಟ್ರ ಮನೆಯವರಲ್ವಾ? ಕಡೆಯುವ ಕಲ್ಲಿನ ಅಮ್ಮ?"

ಹೌದೆಂದೆ. ಬಿಗಿಯಾಗಿಯೇ ಹೇಳಿದೆ.

"ನಿಮ್ಮ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಉಂಟು ಗೊತ್ತುಂಟಾ?" ಎಂದು ನಕ್ಕಳು.

ಅವಳ ಹೆಸರು ವಿಮಲಾ. ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸ. ಗಂಡ ಮಸ್ಕತ್ತಿನಲ್ಲಿ. ಕಟಪಾಡಿಯ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು, ಹಾಗಾಗಿ ನಾಲ್ಕು ವರ್ಷದ ಮಗಳನ್ನು ಕಾರ್ಕಳದಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟಿದ್ದಳು. ಶನಿವಾರ ಹೋಗಿ ಸೋಮವಾರ ಬೆಳಿಗ್ಗೆ, ಮಗು ಏಳುವ ಮೊದಲು ಹೊರಟು ಬರುವುದು. ಆ ಮಗುವಿನ ಕೈಯಲ್ಲಿ ನಮ್ಮ ಹಳೆಯ ಪುಸ್ತಕವಿತ್ತು.

"ಒಂದು ಸಲ ಅವಳಿಗೆ ನಾನು ಗದರಿದೆ ಅಕ್ಕ. ಆಗ ನಿಮ್ಮ ಚಿತ್ರ ತೋರಿಸಿ ಹೇಳ್ತಾಳೆ, ಅಮ್ಮ ಅಂದ್ರೆ ಇವಳು, ಮನೆಯಲ್ಲಿ ಕೂತಿರ್ತಾಳೆ, ನೀನು ಶನಿವಾರದವಳು ಅಂತ." ವಿಮಲಾ ಬಸ್ಸು ಬರುವ ಕಡೆ ನೋಡಿದಳು. "ಮಾಸ್ಟ್ರು ಬಸ್ಸಿನಲ್ಲಿ ಕೇಳಿದ್ರು, ಕೆಲಸಕ್ಕೆ ಹೋಗುವ ಅಮ್ಮನ ಚಿತ್ರ ಬೇಕು, ಬರೆದುಕೊಳ್ಳಬಹುದಾ ಅಂತ. ಬರೀರಿ ಅಂದೆ. ಯಾಕೆ ಒಪ್ಪಿದೆ ಅಂತ ಅವರಿಗೆ ಹೇಳ್ಲಿಲ್ಲ. ಗಂಡಸರ ಹತ್ರ ಅದನ್ನೆಲ್ಲ ಹೇಗೆ ಹೇಳುವುದು? ಪುಸ್ತಕದಲ್ಲಿ ನನ್ನನ್ನು ಕಂಡ್ರೆ ಮಗು ಒಪ್ಪಿಯಾಳು ಅಂತ ಆಸೆ."

"ಕೊಟ್ಟಿರಾ ಪುಸ್ತಕ?" ಎಂದೆ.

"ಕೊಟ್ಟೆ. ಇದು ನಾನು, ನೋಡು ಮಗಾ ಅಂದೆ. ಕೊಡೆ ತೆಗಿ ಅಂದಳು. ಚಿತ್ರದ ಕೊಡೆ ತೆಗೀಲಿಕ್ಕೆ ಆಗ್ತದಾ? ಮುಂದಿನ ವಾರ ಹೋಗುವಾಗ ಉಗುರಿನಲ್ಲಿ ಕೆರೆದು ಕೆರೆದು ಆ ಜಾಗ ತೂತು ಮಾಡಿದ್ಲು. ಕೊಡೆ ಕೆಳಗೆ ನಾನಿದ್ದೇನಾ ಅಂತ ನೋಡಿದ್ದಂತೆ." ಅವಳು ಮತ್ತೆ ನಕ್ಕಳು, ಆದರೆ ನಗು ಪೂರ್ತಿಯಾಗಲಿಲ್ಲ. "ಮಾಸ್ಟ್ರಿಗೆ ಹೇಳ್ಬೇಡಿ ಆಯ್ತಾ. ಅವರಿಗೆ ಬೇಜಾರಾದೀತು."

ಬಸ್ಸು ಬಂತು, ಹತ್ತಿ ಹೋದಳು. ನಾನು ಮಾತ್ರೆ ತರುವುದನ್ನು ಮರೆತು ಮನೆಗೆ ಬಂದೆ. ಬ್ಲೇಡು ಹಿಡಿದಾಗ ನನ್ನ ಕಣ್ಣೆದುರಿಗಿದ್ದದ್ದು ಒಬ್ಬ ಹೆಂಗಸು. ಆ ಮುಖಕ್ಕಾಗಿ ಕಾರ್ಕಳದಲ್ಲೊಂದು ಮಗು ಕಾಯುತ್ತಿದೆ ಎಂದು ನನಗೆ ಹೇಗೆ ಹೊಳೆಯಬೇಕು? ಹೊಳೆಯಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಮರುವಾರ ಅವರ ನೋಟುಬುಕ್ಕಿನಿಂದ ಒಂದು ಹಾಳೆ ಕದ್ದು, ವಿಮಲಾಳ ಮನೆಗೇ ಹೋಗಿ ಕೊಟ್ಟುಬಂದೆ. ಒಳ್ಳೆಯ ಕೆಲಸ ಮಾಡಿದಳು ಎಂದು ನೀವು ಹೊಗಳುವ ಮೊದಲು ಇದನ್ನೂ ಕೇಳಿ. ಒಂಬತ್ತರಲ್ಲಿ ಯಾವುದನ್ನು ಕೊಡುವುದೆಂದು ಕಾಲು ಗಂಟೆ ಯೋಚಿಸಿದೆ. ಚಂದದ ಮೂಗಿನ ಎಂಟರಲ್ಲಿ ಒಂದನ್ನೂ ಕೊಡಲು ಮನಸ್ಸು ಬರಲಿಲ್ಲ. ಸಾಧಾರಣ ಮೂಗಿನ ಒಂಬತ್ತನೆಯದನ್ನೇ ಹರಿದೆ. ಅಷ್ಟು ಪಶ್ಚಾತ್ತಾಪದ ನಡುವೆಯೂ ಹೊಟ್ಟೆಕಿಚ್ಚು ತನ್ನ ಪಾಲು ತೆಗೆದುಕೊಂಡಿತು. ಕೆಲವು ದಿನಗಳ ನಂತರ ವಿಮಲಾ ಸಿಕ್ಕಿದಾಗ, ಮಗು ಆ ಹಾಳೆಯಿಂದ ಮುಖವನ್ನು ಕತ್ತರಿಸಿಕೊಂಡು, ಅನ್ನದ ಅಗುಳು ಹಚ್ಚಿ ತೂತಿನ ಮೇಲೆ ಅಂಟಿಸಿದೆ ಎಂದಳು. ತಲೆ ದೊಡ್ಡದು, ಮೈ ಚಿಕ್ಕದಾಗಿ ಕಾಣುತ್ತದಂತೆ. "ಪರವಾಗಿಲ್ಲ ಅಕ್ಕ, ಈಗ ಅದು ನಾನೇ ಅಂತ ಒಪ್ಪಿದ್ದಾಳೆ." ಆಮೇಲೆ ಅವಳಿಗೆ ವರ್ಗವಾಯಿತು, ಮತ್ತೆ ನಾನು ಕಂಡದ್ದಿಲ್ಲ.

ಇಷ್ಟನ್ನು ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಮೊನ್ನೆ ಆ ಮೂಗಿಲ್ಲದ ಅಮ್ಮನನ್ನು ನೋಡುತ್ತಾ ಕೂತಾಗ ಇನ್ನು ಸಾಕೆನಿಸಿತು. ಇವಳಿಗಾಗಿ ಯಾರ ತೋಳೂ ಜೋಮು ಹಿಡಿದಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಕದ್ದುಮುಚ್ಚಿ ಯಾರನ್ನೂ ನೋಡಿಲ್ಲ. ನಮ್ಮವರು ಬಾಲ್ಕನಿಯಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದರು. ಹೋಗಿ ಪೇಪರನ್ನು ಕೆಳಗೆ ಜಗ್ಗಿದೆ.

"ಆವತ್ತು ಬ್ಲೇಡು ಹಾಕಿದ್ದು ಮಗ ಅಲ್ಲ, ನಾನು."

"ಗೊತ್ತುಂಟು" ಎಂದರು. "ಮಗ ಬ್ಲೇಡು ವಾಪಸು ಪೆಟ್ಟಿಗೆಯಲ್ಲಿ ಇಡ್ತಾನಾ?"

ಹಾಗಾದರೆ ಉಳಿದದ್ದನ್ನೂ ಕೇಳಿ ಎಂದು ಮಗುವಿನ ವಿಷಯ, ಉಗುರಿನ ವಿಷಯ, ಅನ್ನದ ಅಗುಳಿನ ವಿಷಯ ಎಲ್ಲ ಹೇಳಿದೆ. ಇದು ಅವರಿಗೆ ಗೊತ್ತಿರಲಿಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಲುಂಗಿಯ ತುದಿಯಲ್ಲಿ ಒರಸಿದರು. ನನಗೆ ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಒಂಬತ್ತರಲ್ಲಿ ಯಾವ ಹಾಳೆ ಕೊಟ್ಟದ್ದು?" ಎಂದು ಕೇಳಿದರು.

"ಮೂಗು ಚಂದ ಬಾರದ್ದು. ಕೊನೆಯದ್ದು."

ಅವರ ಮುಖ ಒಮ್ಮೆಗೇ ಹಗುರವಾಯಿತು. "ಸದ್ಯ. ಅದೊಂದರಲ್ಲಿ ಮಾತ್ರ ಅವರ ಮೂಗು ಇದ್ದದ್ದು. ಬೇರೆ ಕೊಟ್ಟಿದ್ದರೆ ಮಗುವಿಗೆ ಗುರುತು ಸಿಗ್ತಿರಲಿಲ್ಲ."

"ಉಳಿದ ಎಂಟರಲ್ಲಿ?" ಎಂದೆ. ನಲವತ್ತು ವರ್ಷದ ಕಿಚ್ಚು ನಾಲಿಗೆಯ ತುದಿಗೆ ಬಂದಿತ್ತು. "ಅವಳನ್ನು ಅಷ್ಟು ಚಂದ ಮಾಡಿದ್ದು ಯಾಕೆ?"

"ಅವರನ್ನು ಎಲ್ಲಿ ಚಂದ ಮಾಡಿದ್ದು ಮಾರಾಯ್ತಿ? ನನ್ನ ಕೈಗೆ ಗೊತ್ತಿದ್ದದ್ದು ಒಂದೇ ಮೂಗು. ಎಂಟು ಸಲವೂ ನಿನ್ನದೇ ಬಂತು. ಅದನ್ನು ಬಿಡಿಸಿಕೊಂಡು ಅವರದ್ದು ಬರೆಯಲಿಕ್ಕೆ ಒಂಬತ್ತು ಹಾಳೆ ಬೇಕಾಯ್ತು."

ನೆಟ್ಟಗೆ ಇಳಿದು ತುದಿಯಲ್ಲಿ ಚೂರು ಮೇಲೆದ್ದ ಆ ಮೂಗಿನ ಮೇಲೆ ನಾನು ಎಷ್ಟು ಉರಿದಿದ್ದೆ!

ಅಷ್ಟರಲ್ಲಿ ಮೊಮ್ಮಗಳು ಪುಸ್ತಕ ಎಳೆದುಕೊಂಡು ಬಾಲ್ಕನಿಗೆ ಬಂದಳು. "ಅಜ್ಜ, ಈ ಅಮ್ಮನಿಗೆ ಮೂಗು ಇಲ್ಲ ಅಂತೆ. ಬರೆದುಕೊಡು" ಎಂದು ಸ್ಕೆಚ್ ಪೆನ್ನು ಹಿಡಿಸಿದಳು. ಅವರ ಕೈ ಈಗ ನಡುಗುತ್ತದೆ. ಆದರೂ ಆ ನುಣುಪು ಹಾಳೆಯ ಮೇಲೆ, ಯಾರನ್ನೂ ಎದುರಿಗೆ ಕೂರಿಸಿಕೊಳ್ಳದೆ, ಒಂದೇ ಗೆರೆಯಲ್ಲಿ ಬರೆದರು. ನಾನು ಹಿಂದೆ ನಿಂತು ಬಗ್ಗಿ ನೋಡಿದೆ. ಆಮೇಲೆ ಯಾರೂ ಕಾಣದ ಹಾಗೆ ನನ್ನ ಮೂಗಿನ ತುದಿಯನ್ನು ಮುಟ್ಟಿ ನೋಡಿಕೊಂಡೆ.